ಮಸ್ಕಿ ದಾಟುವ ತಾಲೀಮು

ವೇಳಾಪಟ್ಟಿ ಹಾಕುವುದರಲ್ಲಿರುವ ಸುಖ ಅದರಂತೆ ನಡೆಯುವುದರಲ್ಲಿಲ್ಲ. ಈ ಮಾತನ್ನು ನಾನು ಅಧಿಕಾರದಿಂದಲೇ ಹೇಳಬಲ್ಲೆ. ಸಿಂಧನೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ನನಗೆ ಇಡೀ ಶಾಲೆಯ ಟೈಮ್‌ಟೇಬಲ್ ಹಾಕುವ ಕೆಲಸ ಖಾಯಂ ಆಗಿತ್ತು. ಕೆಂಪು, ಹಸಿರು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವಾಗ ಆಗುವ ನೆಮ್ಮದಿಯನ್ನು ಶಾಲೆಯಲ್ಲೇ ಬಿಟ್ಟು ಬರಲಾಗದೆ ಮನೆಗೂ ತರುತ್ತಿದ್ದೆ. ಸಂಸ್ಕೃತ ಕಲಿಯಲು ಒಂದು ಪಟ್ಟಿ, ಹಾರ್ಮೋನಿಯಂ ಕಲಿಯಲು ಒಂದು, ಚಹಾ ಬಿಡಲು ಮತ್ತೊಂದು. ಎಲ್ಲವೂ ಎರಡನೆಯ ವಾರದಲ್ಲೇ ಕಣ್ಣು ಮುಚ್ಚಿದವು. ನನ್ನ ಹೆಂಡತಿ ಗಿರಿಜಾ ಹಾರ್ಮೋನಿಯಂ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಇಡತೊಡಗಿದಳು.

ತೊಂಬತ್ತರ ದಶಕದ ಮೊದಲಿಗೆ, ಒಂದು ಯುಗಾದಿಯ ಸುಮಾರಿಗೆ, ಶಾಲೆಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಯಲ್ಲಿ ಟ್ರಯಥ್ಲಾನ್ ಎಂಬುದರ ಬಗ್ಗೆ ಓದಿದೆ. ಒಬ್ಬನೇ ಮನುಷ್ಯ ಒಂದೇ ದಿನ ಮೊದಲು ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಬೇಕು, ಇಳಿದ ಮೇಲೆ ಓಡಬೇಕು. ಇದನ್ನು ಯಾರಾದರೂ ಯಾಕೆ ಮಾಡುತ್ತಾರೆ ಎಂದು ನಾನು ಯೋಚಿಸಲಿಲ್ಲ. ನನ್ನ ಕಣ್ಣು ನೆಟ್ಟಿದ್ದು ಅದರ ತಯಾರಿಯ ಪಟ್ಟಿಯ ಮೇಲೆ. ಇಡೀ ವರ್ಷವನ್ನು ಹಂತಹಂತವಾಗಿ ಕೊಯ್ದು ಇಟ್ಟಿದ್ದರು. ಅಂದೇ ಡ್ರಾಯಿಂಗ್ ಶೀಟ್ ತಂದು ತಳಪಾಯ, ಗೋಡೆ, ಶಿಖರ, ವಿಶ್ರಾಂತಿ ಎಂದು ನಾಲ್ಕು ಹಂತ ಬರೆದು ಗೋಡೆಗೆ ಅಂಟಿಸಿದೆ. ಸಂಕ್ರಾಂತಿ ಕಳೆದ ಭಾನುವಾರ ಸ್ಪರ್ಧೆ. ಸಿಂಧನೂರಿನ ಕಾಲುವೆಯಲ್ಲಿ ಈಜಿ, ಸೈಕಲ್ಲಿನಲ್ಲಿ ಮಸ್ಕಿ ದಾಟಿ ಲಿಂಗಸುಗೂರು ಮುಟ್ಟಿ, ತಿರುಗಿ ಮಸ್ಕಿಗೆ ಬಂದು, ಅಲ್ಲಿಂದ ಸಂತೆಕಲ್ಲೂರಿಗೆ ಓಡಿ ಹೋಗಿ ಓಡಿ ಬರುವುದು. ಸ್ಪರ್ಧಿ ನಾನೊಬ್ಬನೇ.

ಗಿರಿಜಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಓದಿದಳು. "ಮನಿ ಕಟ್ಟಸಾಕತ್ತೀರೇನು? ತಳಪಾಯ ಐತಿ, ಗೋಡಿ ಐತಿ. ಅಡಗಿಮನಿ ಎಲ್ಲೈತ್ರೀ ಇದರಾಗ?"

ದೇಹ ಕಟ್ಟುವ ಪಟ್ಟಿ ಎಂದು ವಿವರಿಸಿದೆ.

"ಆತು ಬಿಡ್ರಿ, ಹಾರ್ಮೋನಿಯಂ ಬಾಜೂಕ ಸೈಕಲ್ಲಿಗೂ ಜಾಗ ಮಾಡ್ತೀನಿ" ಎಂದು ಒಳಗೆ ಹೋದಳು. ಈ ಮಾತು ನನಗೆ ನಿಜವಾಗಿಯೂ ನಾಟಿತು. ಜನ್ಮದಲ್ಲಿ ಒಂದು ಪಟ್ಟಿಯನ್ನಾದರೂ ಕೊನೆಯ ಗೆರೆಯವರೆಗೆ ಮುಟ್ಟಿಸಿಯೇ ತೀರುತ್ತೇನೆ ಎಂದು ಹಟ ಹುಟ್ಟಿತು.

ಪಟ್ಟಿಯ ಮೊದಲ ಕೆಲಸ ಈಜು. ಬೇಸಿಗೆಯಲ್ಲಿ ಕಾಲುವೆಗೆ ನೀರಿರುವುದಿಲ್ಲ ಎಂಬುದು ನಮ್ಮ ಕಡೆ ಎಮ್ಮೆಗಳಿಗೂ ಗೊತ್ತು. ಗೆರೆ ಎಳೆಯುವ ಭರದಲ್ಲಿ ನನಗೆ ಹೊಳೆಯಲಿಲ್ಲ. ಮಳೆಗಾಲದಲ್ಲಿ ನೀರು ಬಂದಾಗ ಹರಿವಿನ ಜೊತೆಗೇ ಈಜಿ, ನನ್ನ ವೇಗಕ್ಕೆ ನಾನೇ ಬೆರಗಾಗಿದ್ದೆ. ಒಂದು ದಿನ ತೆಂಗಿನ ಚಿಪ್ಪೊಂದು ಆರಾಮವಾಗಿ ನನ್ನನ್ನು ಹಿಂದೆ ಹಾಕಿ ಹೋದ ಮೇಲೆ ಲೆಕ್ಕ ಸರಿಮಾಡಿಕೊಂಡೆ. ಆದರೆ ಇದು ದೊಡ್ಡ ತೊಂದರೆಯಲ್ಲ. ದೊಡ್ಡ ತೊಂದರೆ ಇದ್ದದ್ದು ಮಸ್ಕಿಯಲ್ಲಿ.

ಮಸ್ಕಿ ನನ್ನ ಹೆಂಡತಿಯ ತವರು. ಮಾವನವರ ಮನೆ ಲಿಂಗಸುಗೂರಿನ ರಸ್ತೆಗೇ ಬಾಗಿಲು ತೆರೆದು ಕೂತಿದೆ. ಅಳಿಯನಾದವನು ಆ ಬಾಗಿಲ ಮುಂದೆ ಹಾಯ್ದು ಹೋಗುವಾಗ ಒಳಗೆ ಬರಲೇಬೇಕು, ಬಂದವನು ಉಣ್ಣಲೇಬೇಕು. ಪ್ರತಿ ಭಾನುವಾರ ಲಿಂಗಸುಗೂರಿಗೆಂದು ಹೊರಟ ನಾನು ಮಸ್ಕಿಯಲ್ಲಿ ಎಣ್ಣೆಗಾಯಿ, ರೊಟ್ಟಿ, ಶೇಂಗಾ ಹೋಳಿಗೆಗಳ ಎದುರು ಕೂರುತ್ತಿದ್ದೆ. ಅತ್ತೆ ಮತ್ತೊಂದು ಹೋಳಿಗೆ ಹಾಕಿ ಅದರ ಮೇಲೆ ತುಪ್ಪ ಸುರಿಯುತ್ತಿದ್ದರು. ಆಮೇಲೆ ಒಂದು ನಿದ್ದೆ. ಸಂಜೆ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಸಿಂಧನೂರಿಗೆ ವಾಪಸ್. ಗೋಡೆಯ ಹಂತ ಮುಗಿಯುವ ಹೊತ್ತಿಗೆ ನನ್ನ ಪ್ಯಾಂಟುಗಳನ್ನು ದರ್ಜಿಯ ಬಳಿ ಬಿಚ್ಚಿಸಿ ಹೊಲಿಸಬೇಕಾಯಿತು.

ದಸರೆಯ ನಂತರದ ಒಂದು ಭಾನುವಾರ ಮನಸ್ಸು ಕಲ್ಲು ಮಾಡಿಕೊಂಡೆ. ಮಾವನವರ ಮನೆ ಬಂದಾಗ ಎದುರು ಬದಿಯ ಬೇವಿನ ಮರವನ್ನು ನೋಡುತ್ತ ತುಳಿದೆ. "ಅಳಿಯಾರ, ಅಳಿಯಾರ" ಎಂಬ ಕೂಗು ಬೆನ್ನಿಗೆ ಬಿತ್ತು. ತಿರುಗಲಿಲ್ಲ. ಲಿಂಗಸುಗೂರು ಮುಟ್ಟಿ, ತಿರುಗಿ ಅದೇ ಬೇವಿನ ಮರ ನೋಡುತ್ತ ಹಾಯ್ದು, ಮನೆ ಸೇರಿದಾಗ ವಿಜಯೋತ್ಸಾಹದಲ್ಲಿದ್ದೆ. ಒಳಗೆ ಮಾವನವರು ಕೂತಿದ್ದರು. ಪಕ್ಕದಲ್ಲಿ ಮಸ್ಕಿಯಲ್ಲಿ ಗಂಡ ಹೆಂಡಿರ ಜಗಳ ಬಗೆಹರಿಸುವುದಕ್ಕೆ ಹೆಸರಾದ ಹಿರಿಯರು, ಶರಣಪ್ಪನವರು. ನನ್ನನ್ನು ಹಿಂದೆ ಹಾಕಿದ ಬಸ್ಸಿಗೆ ಬಂದಿದ್ದರು.

"ಗಿರಿಜಾ ಏನರ ತಪ್ಪು ಮಾಡಿದ್ರ ನಮಗ ಹೇಳ್ರಿ" ಎಂದರು ಮಾವನವರು. "ಮನಿ ಮುಂದ ಮಾರಿ ತಿರುವಿ ಹೋಗೋ ಅಂಥಾದ್ದು ಏನಾಗೈತಿ? ನಿಮ್ಮ ಅತ್ತಿ ಮುಂಜಾನಿಂದ ಒಂದು ತುತ್ತು ಉಂಡಿಲ್ಲ."

ನನಗೆ ನಾಚಿಕೆಯಾಯಿತು. ಗೋಡೆಯ ಪಟ್ಟಿ ತೋರಿಸಿ, ಕೆಂಪು ಯಾವುದು, ಹಸಿರು ಯಾವುದು ಎಂದೆಲ್ಲ ವಿವರಿಸಿದೆ. ಶರಣಪ್ಪನವರು ಗಂಭೀರವಾಗಿ ಕೇಳಿದರು. "ಇದರಾಗ ನೀವು ಯಾರ್ನ ಸೋಲಸ್ತೀರಿ?"

"ನನ್ನನ್ನೇ."

"ನೀವೊಬ್ರ ಇರೋದಾದ್ರ ಗೆದ್ದೀರಿ ಅಂತ ತಿಳ್ಕೊಂಡು ಮನ್ಯಾಗ ಇರ್ರಲ್ಲ. ಬಿಚ್ಚಿ ಹೇಳ್ತೀನಿ, ಬ್ಯಾಸರ ಆಗಬ್ಯಾಡ್ರಿ."

ಗಿರಿಜಾ ಆಗ ನಡುವೆ ಬಾಯಿ ಹಾಕಿದಳು. "ಇಲ್ಲಪ್ಪ, ಈ ಸಲ ಅವರು ಮುಗಸ್ಲಿ. ಎರಡನೇ ವಾರ ದಾಟಿ ಭಾಳ ದಿನ ಆತು. ಅವ್ವಗ ರಸ್ತಿಗೆ ಬಂದು ನಿಂದರಾಕ ಹೇಳು. ಇವರು ಕಾಲು ನೆಲಕ್ಕ ಹಚ್ಚಬಾರ್ದು, ಅಕಿ ಬರಿಗೈಲೆ ಕಳಸಬಾರ್ದು."

ಆ ಕ್ಷಣ ನನ್ನ ಹೆಂಡತಿಯ ಮೇಲೆ ಉಕ್ಕಿದ ಪ್ರೀತಿಯನ್ನು ಶರಣಪ್ಪನವರ ಎದುರು ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಮುಂದಿನ ಭಾನುವಾರದಿಂದ ಅತ್ತೆಯ ತಾಲೀಮು ಶುರುವಾಯಿತು. ಮೊದಲ ವಾರ ಲೋಟದ ಮಜ್ಜಿಗೆಯೆಲ್ಲ ನನ್ನ ಅಂಗಿಗಾಯಿತು. ಎರಡನೆಯ ವಾರ ರೊಟ್ಟಿ ರಸ್ತೆಗೆ ಬಿತ್ತು. ಆಮೇಲೆ ಅವರು ತಮ್ಮದೇ ದಾರಿ ಕಂಡುಕೊಂಡರು. ಹೋಳಿಗೆಯನ್ನು ಸುರುಳಿ ಸುತ್ತಿ, ಕಾಗದದಲ್ಲಿ ಕಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೈಕಲ್ಲಿನ ಜೊತೆ ನಾಲ್ಕು ಹೆಜ್ಜೆ ಓಡಿ ಕೈಗೆ ಇಡುತ್ತಿದ್ದರು. ಪಕ್ಕದ ಮನೆಯವರು ನೋಡಲು ಬಂದು ನಿಲ್ಲತೊಡಗಿದರು.

ಸಂಕ್ರಾಂತಿ ಕಳೆದ ಆ ಭಾನುವಾರ ಈಜಿದೆ, ತುಳಿದೆ. ಸಂತೆಕಲ್ಲೂರಿನಿಂದ ಹಿಂದಿರುಗುವಾಗ ಕಾಲುಗಳು ನನ್ನವಾಗಿ ಉಳಿದಿರಲಿಲ್ಲ. ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ, "ಬಸ್ ತಪ್ಪೇತೇನ್ರಿ ಮಾಸ್ತರ? ಹತ್ರಿ" ಎಂದ. ಒಂದು ಕೈ ಟ್ರೇಲರಿಗೆ ಹಚ್ಚಿಯೂ ಬಿಟ್ಟೆ. ಆಗ ಹಾರ್ಮೋನಿಯಂ ನೆನಪಾಯಿತು. ಕೈ ತೆಗೆದೆ. ಹೊತ್ತು ಮುಳುಗುವ ಮೊದಲು ಓಟವೂ ಅಲ್ಲದ, ನಡಿಗೆಯೂ ಅಲ್ಲದ ಗತಿಯಲ್ಲಿ ಮಾವನವರ ಮನೆ ಮುಟ್ಟಿದೆ. ಹಿಂದಿನ ದಿನವೇ ಬಂದಿದ್ದ ಗಿರಿಜಾ ಕಾಲಿಗೆ ನೀರು ಕೊಟ್ಟು, ಮುಖ ಆ ಕಡೆ ಮಾಡಿಕೊಂಡಳು. ಕಣ್ಣು ಒರೆಸಿಕೊಂಡದ್ದು ನನಗೆ ಕಂಡಿತು.

ಪಟ್ಟಿಯ ಕೊನೆಯ ಹಂತ ವಿಶ್ರಾಂತಿ. ಅದನ್ನು ನಾನು ಇಂದಿಗೂ ಶ್ರದ್ಧೆಯಿಂದ ಪಾಲಿಸುತ್ತಿದ್ದೇನೆ. ಲಿಂಗಸುಗೂರಿಗೆ ಹೋಗುವುದಿದ್ದರೆ ಬಸ್ಸು, ಅದರಲ್ಲೂ ಕಿಟಕಿಯ ಸೀಟು. ಅತ್ತೆ ಮಾತ್ರ ಈ ವಯಸ್ಸಿನಲ್ಲೂ ತಾಲೀಮು ಬಿಟ್ಟಿಲ್ಲ. ಮೊನ್ನೆ ಮಸ್ಕಿಯಲ್ಲಿ ಬಸ್ಸು ನಿಧಾನವಾಗಿ ಹೊರಡುತ್ತಿರುವಾಗ ನನ್ನನ್ನು ಕಂಡು, ಸೆರಗು ಸಿಕ್ಕಿಸಿ, ನಾಲ್ಕು ಹೆಜ್ಜೆ ಓಡಿ, ಕಿಟಕಿಯಲ್ಲಿ ಹೋಳಿಗೆಯ ಪೊಟ್ಟಣ ಚಾಚಿದರು. ನಾನು ಹಿಡಿಯುವಷ್ಟರಲ್ಲಿ ಅದು ಜಾರಿ ಪಕ್ಕದವರ ತೊಡೆಯ ಮೇಲೆ ಬಿತ್ತು. ಹಿಂದಿನಿಂದ ಅವರ ದನಿ ಕೇಳಿಸಿತು:

"ಮೈ ಭಾಳ ಬಂದೈತಿ ಅಳಿಯಾರ, ಇನ್ನೊಂದು ಪಟ್ಟಿ ಹಾಕ್ರಿ."