ಅತ್ತೆ, ಅಳಿಯ, ನಡುವೆ ಸ್ಟೆಪ್ನಿ

ಪಾಂಡವಪುರದ ಬೆಲ್ಲದ ಮಂಡಿಯ ನಿಂಗರಾಜು ಮನುಷ್ಯರನ್ನು ನೋಡುವುದೂ ಬೆಲ್ಲ ನೋಡಿದ ಹಾಗೆಯೇ. ಮೊದಲು ಬಣ್ಣ, ಆಮೇಲೆ ಬೆರಳಿನ ಗೆಣ್ಣಿನಿಂದ ಒಂದು ಕುಟ್ಟು, ಅದರ ಸದ್ದು, ಕಡೆಗೆ ಮೂಲೆ ಮುರಿದು ನಾಲಿಗೆಗಿಟ್ಟು ಮುಖ ಹುಳಿ ಮಾಡಿಕೊಳ್ಳುವುದು. (ಮಾಲು ಚೆನ್ನಾಗಿದ್ದಷ್ಟೂ ಮುಖ ಹೆಚ್ಚು ಹುಳಿಯಾಗಬೇಕು; ಇಲ್ಲದಿದ್ದರೆ ಅದು ವ್ಯಾಪಾರವೇ ಅಲ್ಲ.) ಹೆಣ್ಣು ನೋಡಲು ಕ್ಯಾತನಹಳ್ಳಿಗೆ ಹೋದ ದಿನ ಅವನು ಹುಡುಗಿ ರಂಜಿತಳನ್ನು ನೋಡಿದ್ದು ಕಡಿಮೆ, ಬಾಗಿಲ ಸಂದಿಯಲ್ಲಿ ಕಂಡ ಅವಳ ತಾಯಿ ಪುಟ್ಟತಾಯಮ್ಮನನ್ನು ತೂಗಿದ್ದೇ ಹೆಚ್ಚು. ಗಿಡ್ಡ ಆಳು, ಗಟ್ಟಿ ಮೈ, ಥಳುಕಿಲ್ಲದ ಕಂದು ಬಣ್ಣ, ಸದ್ದು ಮಾತ್ರ ಇಲ್ಲವೇ ಇಲ್ಲ. 'ಔಷಧಿ ಹಾಕದ ಅಚ್ಚು ಬೆಲ್ಲ, ಮಳೆಗಾಲಕ್ಕೂ ಒಸರುವುದಿಲ್ಲ' ಎಂದು ಮನಸ್ಸಿನಲ್ಲೇ ದರ್ಜೆ ಕಟ್ಟಿ, ಮುಖವನ್ನು ಶಕ್ತಿಮೀರಿ ಹುಳಿ ಮಾಡಿಕೊಂಡು ಮದುವೆಗೆ ಒಪ್ಪಿದ.

ಅಂದಾಜು ತಪ್ಪಲಿಲ್ಲ. ಇಪ್ಪತ್ತು ವರ್ಷದಲ್ಲಿ ಪುಟ್ಟತಾಯಮ್ಮ ಅಳಿಯನ ಜೊತೆ ನೇರವಾಗಿ ಒಂದು ಮಾತು ಆಡಿರಲಿಲ್ಲ. ಆ ಮನೆಯ ಹಳೇ ಹೆಂಗಸರ ಪದ್ಧತಿ ಅದು. ಅಳಿಯನ ಎದುರು ಅತ್ತೆ ಕೂರುವಂತಿಲ್ಲ, ಮಾತಾಡುವಂತಿಲ್ಲ. ಹೇಳುವುದಿದ್ದರೆ ಮಗಳ ಮೂಲಕ ಹೇಳಬೇಕು. ಮಗಳು ಇಲ್ಲದಿದ್ದರೆ ಕಂಬಕ್ಕೆ ಹೇಳಬೇಕು.

"ಕೇಳಪ್ಪ ಕಂಬ, ಮುದ್ದೆ ಆಯ್ತು. ಅಳಿಯಂದ್ರು ಕೈ ತೊಳ್ಕಬೋದು."

ಅಳಿಯನೂ ಗೋಡೆಯ ಕಡೆ ತಿರುಗಿ, "ಇನ್ನೊಂಚೂರು ಸಾರು ಬುಟ್ರೆ ಆಯ್ತದೆ" ಎನ್ನುವನು.

ಈ ಮೌನವೇ ನಿಂಗರಾಜುವಿನ ಪರಮ ಆಸ್ತಿ. ಮಂಡಿಯಲ್ಲಿ ರೈತ ಬಯ್ಯುತ್ತಾನೆ, ಹಮಾಲಿ ಬಯ್ಯುತ್ತಾನೆ, ಮನೆಗೆ ಬಂದರೆ ರಂಜಿತ ಸವಿವರವಾಗಿ ಬಯ್ಯುತ್ತಾಳೆ. ಅವನು ಹೊಸ್ತಿಲು ತುಳಿದರೆ ಧಡಕ್ಕನೆ ಎದ್ದು ತಲೆಗೆ ಸೆರಗು ಎಳೆದುಕೊಳ್ಳುವ ಜೀವ ಈ ಭೂಮಂಡಲದಲ್ಲಿ ಒಂದೇ ಒಂದು. ಅವನ ಪಾಲಿನ ಸಿಂಹಾಸನ ಕ್ಯಾತನಹಳ್ಳಿಯ ಹಜಾರದಲ್ಲಿತ್ತು. ಅದಕ್ಕೆ ಕುತ್ತು ತರುವ ಯಾವ ಕೆಲಸವನ್ನೂ ಅವನು ಮಾಡುತ್ತಿರಲಿಲ್ಲ, ಬುದ್ಧಿ ನೆಟ್ಟಗಿದ್ದಿದ್ದರೆ.

ಬುದ್ಧಿ ಕೆಡಿಸಿದ್ದು ರಂಜಿತಳ ಫೋನು.

"ಇಲ್ನೋಡಿ, ಗಾಡೀನೇ ಮನೆ ಮಾಡ್ಕೊಂಡು ಸಮುದ್ರದ ದಂಡೇಲಿ ನಿಲ್ಲಿಸ್ಕೊಂಡವ್ರೆ. ಗಾಡೀಲೇ ಮಂಚ, ಗಾಡೀಲೇ ಒಲೆ. ಮೀನು ಹಿಡಿತಾವ್ರೆ, ಮೂತಿಗೆ ಕೊಳವೆ ಕಚ್ಕೊಂಡು ನೀರೊಳಗೆ ನೋಡ್ತಾವ್ರೆ. ನಾನು ನಿಮ್ಮನೆಗೆ ಬಂದಾಗಿಂದ ಕಂಡಿರೋ ನೀರು ಅಂದ್ರೆ ನಾಲೆ ಒಂದೇಯ."

"ತೊಣ್ಣೂರ್ ಕೆರೆ ತೋರ್ಸಿಲ್ವೇನೇ?"

"ತೋರ್ಸಿದ್ರಿ. ಬೆಲ್ಲ ನೋಡಕ್ಕೆ ಹೋಯ್ತಾ, ಗಾಡಿ ನಿಲ್ಲುಸ್ದೇಲೆ."

ನಿಂಗರಾಜುವಿನ ತಲೆಯೊಳಗೆ ತಕ್ಕಡಿ ತೂಗಾಡಿತು. ಮಂಡಿಯ ಹಳೇ ಟೆಂಪೊ ಹೇಗೂ ನಿಂತಿದೆ. ಲಾಡ್ಜಿಲ್ಲ, ಹೋಟೆಲಿಲ್ಲ. ಹಲಗೆ ಹೊಡೆದು ಮಂಚ ಮಾಡಿದ, ಸಣ್ಣ ಗ್ಯಾಸ್ ಒಲೆ ಕೂರಿಸಿದ, ರಂಜಿತಳ ಹಳೇ ಸೀರೆಯನ್ನು ಅಡ್ಡ ಪರದೆ ಕಟ್ಟಿದ. ಗಾಡಿಯ ಅಡಿಯಲ್ಲಿ ಸ್ಟೆಪ್ನಿ ಹಿಡಿಯುವ ಕಬ್ಬಿಣ ತುಕ್ಕು ತಿಂದಿತ್ತಾದ್ದರಿಂದ ಆ ಹೆಚ್ಚುವರಿ ಟೈರನ್ನು ಒಳಗೇ ನಟ್ಟನಡುವೆ ಪ್ರತಿಷ್ಠಾಪಿಸಿದ.

"ಅವ್ವನೂ ಸಮುದ್ರ ಕಂಡಿಲ್ಲ" ಎಂದಳು ರಂಜಿತ. "ಅವ್ವ ಬಂದ್ರೆ ನಾನ್ ಬತ್ತೀನಿ. ಇಲ್ದಿದ್ರೆ ನೀವೂ ನಿಮ್ ಟೈರೂ ಹೋಗ್ಬನ್ನಿ."

ಇಬ್ಬರು ಹೋದರೂ ಮೂವರು ಹೋದರೂ ಕುಡಿಯುವ ಡೀಸೆಲ್ಲು ಅಷ್ಟೇ. ಮೇಲಾಗಿ ಸಾರು ಮಾಡುವ ಕೈ ಪುಕ್ಕಟೆ. ಅವನು ಮುಖ ಹುಳಿ ಮಾಡಿಕೊಂಡು ಒಪ್ಪಿದ.

"ಅದ್ಸರಿ, ನಿಮ್ಗೆ ಈಜು ಬತ್ತದಾ?"

"ಲೇ, ಪಶ್ಚಿಮವಾಹಿನೀಲಿ ಇಳ್ದು ಎದ್ ಬಂದೋನು ಕಣೇ ನಾನು!"

(ಇಳಿದು ಎದ್ದು ಬಂದದ್ದು ನಿಜ. ಮೊಣಕಾಲುದ್ದ ನೀರಿನಲ್ಲಿ, ತಾತನ ಬೂದಿ ಬಿಡುವಾಗ.)

ಹೊರಟರು. ಮುಂದೆ ನಿಂಗರಾಜು, ರಂಜಿತ. ಹಿಂದಿನ ಡಬ್ಬದೊಳಗೆ ಪುಟ್ಟತಾಯಮ್ಮ, ಪಾತ್ರೆಪಗಡ, ಸ್ಟೆಪ್ನಿ. ನಡುವೆ ಒಂದು ಗೇಣಗಲದ ಕಿಂಡಿ. ಕೆ.ಆರ್. ಪೇಟೆ ಬರುವಷ್ಟರಲ್ಲಿ ರಂಜಿತ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಕಿಂಡಿಯಿಂದ ದನಿ ಕೇಳಿಸಿತು.

"ಕೇಳಪ್ಪ ಟೈರು, ಹಂಪು ಬಂದಾಗ ಒಸಿ ನಿಧಾನಕ್ಕೆ ಓಡ್ಸಿದ್ರೆ, ಹಿಂದ್ಗಡೆ ಇರೋರ ಹಲ್ಲು ಬಾಯಲ್ಲೇ ಉಳೀತವೆ."

ಇಲ್ಲಿ ಕಂಬವಿಲ್ಲ; ಅದರ ಹುದ್ದೆಗೆ ಸ್ಟೆಪ್ನಿ ನೇಮಕವಾಗಿದೆ ಎಂದು ನಿಂಗರಾಜುವಿಗೆ ತಿಳಿಯಿತು. ಅವನೂ ರಸ್ತೆ ನೋಡುತ್ತಲೇ, "ಟೈರೇ, ರೋಡೇ ಇಂಗದೆ, ಅತ್ತೆಮ್ಮಂಗೆ ಹೇಳು" ಎಂದ. ಹೀಗೆ ಮಾನ ಮರ್ಯಾದೆ ಎಳ್ಳಷ್ಟೂ ಕೆಡದಂತೆ ಹಾಸನ ದಾಟಿ, ಘಾಟಿ ಇಳಿದು, ದೊಡ್ಡ ಊರುಗಳನ್ನೆಲ್ಲ ಬಿಟ್ಟು (ಅಲ್ಲಿ ಗಾಡಿ ನಿಲ್ಲಿಸಿದ್ದಕ್ಕೂ ಚೀಟಿ ಹರಿಯುತ್ತಾರೆ), ಗೋಕರ್ಣಕ್ಕೂ ದೂರ ಕಾರವಾರಕ್ಕೂ ದೂರ ಎನ್ನುವ ಕಡೆ ಒಂದು ಮಣ್ಣುದಾರಿಯ ತುದಿಗೆ ಬಂದು ನಿಂತರು. ಎರಡು ಬಂಡೆಗುಡ್ಡದ ನಡುವೆ ಮರಳು. ಮುಂದೆಲ್ಲ ಸಮುದ್ರ. ಬೇರೆ ನರಪಿಳ್ಳೆಯಿಲ್ಲ.

ಪುಟ್ಟತಾಯಮ್ಮ ಸೊಂಟಕ್ಕೆ ಕೈ ಕೊಟ್ಟು ಬಹಳ ಹೊತ್ತು ನೋಡಿದಳು.

"ಇಷ್ಟೊಂದು ನೀರಾ? ಗದ್ದೆಗೆ ಬುಡಂಗಿಲ್ವಾ?"

"ಉಪ್ಪು ಕಣವ್ವ" ಎಂದಳು ರಂಜಿತ.

"ಅಂಗಾರೆ ಇಷ್ಟ್ಯಾಕ್ ಮಡಗವ್ರೆ?"

ಬೆಳಗಾಗುವಷ್ಟರಲ್ಲಿ ಮೊದಲ ಅನಾಹುತ. ಮೀನಿಗೆ ಬದಲು ಕೊಡಬಹುದೆಂದು ನಿಂಗರಾಜು ಒಂದು ಪೆಟ್ಟಿಗೆ ಅಚ್ಚು ಬೆಲ್ಲ ತಂದಿದ್ದ. ಅದು ರಾತ್ರಿಯಿಡೀ ಬೆವೆತು, ಕರಗಿ, ಪೆಟ್ಟಿಗೆಯಿಂದಿಳಿದು ಸ್ಟೆಪ್ನಿಯ ಪಾದಪೂಜೆ ಮಾಡಿತ್ತು. ಪಾಂಡವಪುರದಿಂದ ಹಲಗೆಸಂದಿಯಲ್ಲಿ ಪುಕ್ಕಟೆ ಪ್ರಯಾಣ ಮಾಡಿದ್ದ ಇರುವೆಗಳು ಸಂಸಾರ ಸಮೇತ ಪ್ರಸಾದಕ್ಕೆ ನಿಂತಿದ್ದವು. ಕಡಲಿನ ಗಾಳಿಗೆ ಎಂಥ ಬೆಲ್ಲವೂ ಒಸರುತ್ತದೆ ಎಂಬುದು ವ್ಯಾಪಾರಸ್ಥನಾಗಿ ಅವನಿಗೆ ಗೊತ್ತಿತ್ತು, ಪ್ರವಾಸಿಯಾಗಿ ಮರೆತಿದ್ದ.

ಎರಡನೆಯದು ಗಾಳ. ನಾಲೆಯ ಮೀನಿಗೆ ರಾಗಿಮುದ್ದೆಯೆಂದರೆ ಪ್ರಾಣ. ಅದೇ ಧೈರ್ಯದ ಮೇಲೆ ಅವನು ಮುದ್ದೆಯ ಉಂಡೆ ಸಿಕ್ಕಿಸಿ ಗಾಳ ಎಸೆದ. ಅಲೆ ಬಂತು, ಮುದ್ದೆ ಹೋಯಿತು. ಇನ್ನೊಂದು ಉಂಡೆ, ಇನ್ನೊಂದು ಅಲೆ. ಬಿಸಿಲೇರುವಷ್ಟರಲ್ಲಿ ಸಮುದ್ರ ಮೂರು ಜನರ ಊಟ ಉಂಡು ತೇಗಿತು. ಒಂದು ಮೀನೂ ತಿರುಗಿ ನೋಡಲಿಲ್ಲ. ಗಾಡಿಯೊಳಗಿಂದ ಅಶರೀರವಾಣಿಯಾಯಿತು.

"ಕೇಳಪ್ಪ ಟೈರು, ಈ ಸೀಮೆ ಮೀನು ಕುಚ್ಚಲಕ್ಕಿ ಉಣ್ಣೋವು. ಮುದ್ದೆ ನುಂಗಕ್ಕೆ ಬರಾಕಿಲ್ಲ ಅಂತ ಕಾಣ್ತದೆ."

ಕಡೆಗೆ ದೂರದ ಊರಿಗೆ ಹೋಗಿ, ದುಡ್ಡು ಕೊಟ್ಟು, ಬಂಗುಡೆ ಮೀನು ತಂದದ್ದಾಯಿತು.

ಹೋದ ಮಾನವನ್ನು ನೀರಿನಲ್ಲೇ ಹುಡುಕಬೇಕಿತ್ತು. ಮಧ್ಯಾಹ್ನ ನಿಂಗರಾಜು ರಂಜಿತಳ ಫೋನಿನಲ್ಲಿ ಕಂಡಂಥದೇ ಒಂದು ಉಸಿರಾಟದ ಕೊಳವೆಯನ್ನು ಚೀಲದಿಂದ ಹೊರತೆಗೆದ. ಆನ್‌ಲೈನಿನಲ್ಲಿ ಇದಕ್ಕಿಂತ ಅಗ್ಗದ್ದು ಇರಲಿಲ್ಲ. ಆದರೆ ಅಳಿಯ ಪಟಾಪಟಿ ಚಡ್ಡಿಯಲ್ಲಿ ಅತ್ತೆಯ ಕಣ್ಣಿಗೆ ಬೀಳುವುದುಂಟೆ? "ಟೈರೇ, ಅತ್ತೆಮ್ಮನ್ನ ಆ ಬಂಡೆ ಹಿಂದಕ್ಕೆ ಹೋಗಕ್ಕೇಳು" ಎಂದು ಅಪ್ಪಣೆ ಕೊಡಿಸಿದ. ಪುಟ್ಟತಾಯಮ್ಮ ಮೀನಿನ ಪಾತ್ರೆ ಎತ್ತಿಕೊಂಡು ಹೋಗಿ, ಬಂಡೆಯ ಮರೆಯಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಕುಳಿತಳು. ಕಣ್ಣಿಗೆ ಗಾಜಿನ ಡಬ್ಬಿ, ಬಾಯಿಗೆ ಕೊಳವೆ, ಸೊಂಟಕ್ಕೆ ಪಟಾಪಟಿ ಧರಿಸಿ ನಿಂಗರಾಜು ಸಾಗರಪ್ರವೇಶ ಮಾಡಿದ.

ಬೋರಲು ಮಲಗಿ ಮುಖ ಅದ್ದಿದ. ಅಬ್ಬ! ಒಂದಕ್ಕೆ ಹಳದಿ ಪಟ್ಟೆ, ಇನ್ನೊಂದಕ್ಕೆ ನೀಲಿ ಬಾಲ, ಮತ್ತೊಂದು ಬೆಳ್ಳಿಯ ಗೆಜ್ಜೆಯಷ್ಟೇ. ಕಷ್ಟಪಟ್ಟು ಹಿಡಿಯಬೇಕಾದ ಮಾಲು ಕಣ್ಣೆದುರಿಗೇ ರಾಶಿ ಬಿದ್ದಿದೆ! ಅವನು ಒಂದೊಂದಕ್ಕೂ ದರ್ಜೆ ಕಟ್ಟುತ್ತ, ಮುಖ ಹುಳಿ ಮಾಡಿಕೊಳ್ಳುತ್ತ (ನೀರಿನೊಳಗೆ ಅದನ್ನು ನೋಡುವವರಿಲ್ಲದಿದ್ದರೂ), ಹಳದಿ ಪಟ್ಟೆಯ ಹಿಂದೆ ಹಿಂದೆ ಹೋದ. ಒಂದು ದೊಡ್ಡ ಅಲೆ ತಲೆಯ ಮೇಲಿಂದ ಹಾದು ಕೊಳವೆಯೊಳಗಿಳಿಯಿತು. ಅರಬ್ಬೀ ಸಮುದ್ರ ಅವನ ಗಂಟಲಿಗೆ ಬಂತು. ಕೆಮ್ಮಿದ, ಇನ್ನಷ್ಟು ಬಂತು. ಕೈಗೆ ಏನೂ ಸಿಗದು, ಕಾಲಿಗೆ ಏನೂ ಸಿಗದು, ಗಾಜಿನ ತುಂಬ ನೊರೆ. ಎರಡೂ ಕೈ ಎತ್ತಿ ಬಡಿದ.

ದಂಡೆಯಲ್ಲಿ ಫೋನು ಹಿಡಿದು ನಿಂತಿದ್ದ ರಂಜಿತಳಿಗೆ ಸಂಭ್ರಮ. "ಅವ್ವೋ, ನೋಡ್ಬಾ ಇಲ್ಲಿ! ಏನ್ ಚೆಂದಾಗಿ ಕೈ ಬೀಸ್ತಾವ್ರೆ!" ಅವಳೂ ಕೈ ಬೀಸಿದಳು.

ಪುಟ್ಟತಾಯಮ್ಮ ಬಂಡೆಯ ಮೇಲಿಂದ ಕತ್ತು ಚಾಚಿದಳು. ಹುಡುಗಿಯಾಗಿದ್ದಾಗಿನಿಂದ ನಾಲೆಯಲ್ಲಿ ಎಮ್ಮೆ ತೊಳೆದವಳು. ನೀರಿನಲ್ಲಿ ಆಡುವ ಎಮ್ಮೆ ಯಾವುದು, ಮುಳುಗುವ ಎಮ್ಮೆ ಯಾವುದು ಎಂದು ಕಣ್ಣಿಗೆ ತಿಳಿಯುತ್ತಿತ್ತು. ಆಗಲೂ ಆಕೆ ಪದ್ಧತಿ ಮೀರಲಿಲ್ಲ.

"ರಂಜೀ! ಕಾಲೂರಿ ನಿಂತ್ಕಳಕ್ಕೇಳು ಅವ್ರಿಗೆ!"

"ಆಂ? ಏನವ್ವಾ?" ಅಲೆಯ ಅಬ್ಬರ.

"ಕಾಲೂ..."

"ಕೇಳಾಕಿಲ್ಲ ಕಣವ್ವ!"

ಪುಟ್ಟತಾಯಮ್ಮ ಸುತ್ತ ನೋಡಿದಳು. ಕಂಬವಿಲ್ಲ. ಗೋಡೆಯಿಲ್ಲ. ಸ್ಟೆಪ್ನಿ ಗಾಡಿಯಲ್ಲಿ ಬೆಲ್ಲದ ಪಾಕಕ್ಕೆ ಅಂಟಿಕೊಂಡು ಕೂತಿದೆ. ಆಕೆ ಪಾತ್ರೆ ಬಿಸಾಕಿ, ಸೀರೆ ಎತ್ತಿ ಕಚ್ಚೆ ಬಿಗಿದು, ನೀರಿಗೆ ನುಗ್ಗಿದಳು.

"ಲೇ ನಿಂಗ್ರಾಜ! ಒದ್ದಾಡ್ಬೇಡ ಕಣ್ಲಾ! ಕಾಲೂರ್ಲಾ ಬಡ್ಡೆತ್ತದೆ!"

ಮುಳುಗುತ್ತಿದ್ದವನ ಕಿವಿಗೆ ಈ ಮಾತು ಬಿತ್ತು. ಮನುಷ್ಯರು ನೀರಿನಲ್ಲಿ ಮುಳುಗುವುದುಂಟೆಂದು ಅವನು ಕೇಳಿದ್ದ; ಅತ್ತೆ ಮಾತಾಡುವುದುಂಟೆಂದು ಕೇಳಿರಲಿಲ್ಲ. ಆಶ್ಚರ್ಯಕ್ಕೆ ಅವನ ಕೈಕಾಲು ನಿಂತೇಹೋದವು. ಅಷ್ಟರಲ್ಲಿ ಒಂದು ಕೈ ಬಂದು ಅವನ ತಲೆಗೂದಲು ಹಿಡಿದು, ಮುಖ ಮೇಲೆತ್ತಿ, ಕೊಳವೆ ಕಿತ್ತೆಸೆದು, ಎಮ್ಮೆಕರುವನ್ನು ಎಳೆಯುವಂತೆ ಎಳೆಯಿತು.

"ನಿಂತ್ಕಳ್ಲಾ ನೆಟ್ಟಗೆ!"

ನಿಂತ. ನೀರು ಅವನ ಎದೆಮಟ್ಟಕ್ಕಿತ್ತು.

ಗಿಡ್ಡ ಪುಟ್ಟತಾಯಮ್ಮನಿಗೆ ಗದ್ದದ ಮಟ್ಟ. ಅಲೆ ಬಂದಾಗ ಆಕೆಯ ತಲೆ ಕಾಣುತ್ತಿರಲಿಲ್ಲ; ಅವನ ಕೂದಲು ಹಿಡಿದ ಕೈ ಮಾತ್ರ ಕಾಣುತ್ತಿತ್ತು.

ದಂಡೆಗೆ ಬಂದು, ಕುಡಿದದ್ದನ್ನೆಲ್ಲ ಹಿಂದಿರುಗಿಸಿ, ಉಸಿರು ಬಂದ ಕೂಡಲೇ ನಿಂಗರಾಜು ಹೆಂಡತಿಯ ಹತ್ತಿರ ಚೌಕಾಸಿಗಿಳಿದ. "ಎದೆಮಟ್ಟ ನೀರು ಕಣೇ. ನಾನೇ ಎದ್ ಬತ್ತಿದ್ದೆ."

"ನಿಂತ್ಕಂಡ್ರೆ ಎದೆಮಟ್ಟ" ಎಂದಳು ರಂಜಿತ. "ನೀವು ಮಲಗಿದ್ರಲ್ಲ."

ಗಾಡಿಯಲ್ಲಿ ಪರದೆ ಇಳಿದಿತ್ತು. ಮರಳಿಗೆ ಚೆಲ್ಲಿದ್ದ ಮೀನು ಆಯ್ದು ತೊಳೆದು ರಂಜಿತ ಮಾಡಿದ ಸಾರಿನ ಘಮಲು ಬಂದರೂ ಪುಟ್ಟತಾಯಮ್ಮ ಉಣ್ಣಲು ಬರಲಿಲ್ಲ. ಒಳಗೆ ಬ್ಯಾಗಿಗೆ ಬಟ್ಟೆ ತುರುಕುವ ಸದ್ದು, ಸ್ಟೆಪ್ನಿಯ ಹತ್ತಿರ ಪಿಸುಮಾತು.

"ನನ್ನ ಹೊಟ್ಟೇಲಿ ಹುಟ್ಟಿದೋಳ್ಗೂ ಆ ಮಾತಾಡ್ದೋಳಲ್ಲ ಕಣಪ್ಪ ನಾನು. ಅಳಿಯಂದ್ರ ತಲೆ ಹಿಡ್ದೆ. ಬಡ್ಡೆತ್ತದೆ ಅಂದ್ಬುಟ್ಟೆ. ಇನ್ಯಾವ್ ಮೊಕ ಹೊತ್ಕೊಂಡು ಅವರ ಗಾಡೀಲಿ ಬರ್ಲಿ? ಬಸ್ಸು ಎಲ್ ಸಿಕ್ತದೆ ಕೇಳು, ಊರಿಗೋಯ್ತೀನಿ."

ಪರದೆಯ ಈಚೆ ನಿಂಗರಾಜು ಕೇಳಿಸಿಕೊಂಡ. ಅವನೊಳಗಿನ ವ್ಯಾಪಾರಿಗೆ ಕೂಡಲೇ ಹೊಳೆಯಿತು: ಈಗ ಮುಖ ಬಿಗಿದುಕೊಂಡು ಸುಮ್ಮನಿದ್ದರೆ ಸಾಕು, ಸಿಂಹಾಸನ ಉಳಿಯಿತು. ಉಳಿಯುವುದೇನು, ಆಕೆ ಸಾಯುವ ತನಕ ತಲೆ ಎತ್ತುವುದಿಲ್ಲ. ಬಿಡಿಗಾಸು ಖರ್ಚಿಲ್ಲದ ಲಾಭ. ಇಂಥ ವ್ಯವಹಾರವನ್ನು ಅವನು ಜನ್ಮದಲ್ಲಿ ಬಿಟ್ಟವನಲ್ಲ.

ಆದರೆ ತಲೆಯ ಬುಡ ಇನ್ನೂ ಉರಿಯುತ್ತಿತ್ತು. ಆ ಕೈಯೊಂದೇ ನೀರಿನ ಮೇಲಿದ್ದದ್ದು ಕಣ್ಣಿಗೆ ಕಟ್ಟಿತ್ತು. ಅವನು ಗಂಟಲು ಸರಿಮಾಡಿಕೊಂಡ.

"ಕೇಳಪ್ಪ ಟೈರು. ಅತ್ತೆಮ್ಮ ಬೈದಿದ್ದು ಸರ್ಯಾಗೇ ಅದೆ. ಆದ್ರೆ ನನ್ ತಲೇಲಿ ಕೂದ್ಲಿರೋದೇ ನಾಕು. ಇನ್ನೊಂದ್ ಸಲ ಕಿವಿ ಹಿಡ್ದು ಎಳೀಲಿ ಅಂತೇಳು."

ಒಳಗೆ ಸದ್ದು ನಿಂತಿತು. ಆಮೇಲೆ ಒಂದು ಕಿಸಕ್, ಇನ್ನೊಂದು ಕಿಸಕ್. ಪರದೆ ಸರಿಯಿತು. ಪುಟ್ಟತಾಯಮ್ಮ ಸ್ಟೆಪ್ನಿಯನ್ನು ದಾಟಿ ಬಂದು ಅವನ ಮುಖವನ್ನೇ ನೋಡಿದಳು.

"ಉಂಡಿಲ್ವಲ್ಲಾ ನೀನು? ಬಾ, ಉಣ್ಣು."

ಒಸರತೊಡಗಿದ ಬೆಲ್ಲ ಮತ್ತೆ ಅಚ್ಚಾಗುವುದುಂಟೆ? ವಾಪಸು ಬರುವಾಗ ಪುಟ್ಟತಾಯಮ್ಮ ಮುಂದಿನ ಸೀಟಿನಲ್ಲಿ, ರಂಜಿತ ಹಿಂದೆ ಸ್ಟೆಪ್ನಿಯ ಪಕ್ಕದಲ್ಲಿ. ಇಪ್ಪತ್ತು ವರ್ಷ ಕಂಬಗಳಿಗೆ ಹೇಳಿದ್ದು ಒಂದು ಪಾಲಾದರೆ, ಕಂಬಕ್ಕೂ ಹೇಳದೆ ಉಳಿಸಿಕೊಂಡದ್ದು ಒಂಬತ್ತು ಪಾಲಿತ್ತು.

"ಗೇರು ಯಾಕ್ಲಾ ಅಂಗ್ ಕಿತ್ತಾಡ್ತೀಯೆ, ಮೂಲಂಗಿ ಕೀಳ್ದಂಗೆ? ಆ ಲಾರಿಗೆ ದಾರಿ ಬುಡು. ಈ ಅಂಗಿ ಯಾರು ಕೊಡ್ಸಿದ್ದು? ಚೆಂದಾಗಿಲ್ಲ. ಮಾಲು ನೋಡಿ ಮೂತಿ ಹುಳಿ ಮಾಡ್ತೀಯಂತಲ್ಲ, ನನ್ ಮಗಳ್ನ ನೋಡಕ್ ಬಂದಾಗ್ಲೂ ಅಂಗೇ ಮಾಡ್ದೆ. ಬಾಗಿಲ ಸಂದೀಲಿ ನಿಂತಿದ್ದೆ ಕಣ್ಲಾ. ಮೂತಿ ನೋಡೇ ಅಂದ್ಕಂಡೆ, ಈ ಮುಂಡೇದ್ಕೆ ನಾವು ಒಪ್ಗೆ ಆಗೋಗಿದೀವಿ ಅಂತ."

ಇಪ್ಪತ್ತು ವರ್ಷದ ಹಿಂದೆ, ತೂಗುತ್ತಿದ್ದೇನೆಂದುಕೊಂಡಿದ್ದ ದಿನ, ತಕ್ಕಡಿಯಲ್ಲಿ ಕೂತಿದ್ದವನು ತಾನು! ನಿಂಗರಾಜು ಕೆ.ಆರ್. ಪೇಟೆಯ ಹತ್ತಿರ ಸೋತು, ಕಿಂಡಿಯ ಕಡೆ ತಿರುಗಿ, "ಲೇ ರಂಜಿ, ಆ ಸ್ಟೆಪ್ನಿನಾದ್ರೂ ಮುಂದಕ್ಕೆ ಕಳ್ಸೇ" ಎಂದು ಅಂಗಲಾಚಿದ.

"ಟೈರು ಮಲೀಕಂಡದೆ. ಎಬ್ಬುಸ್ಬೇಡಿ" ಎಂದು ಉತ್ತರ ಬಂತು.

ಈಗ ಕ್ಯಾತನಹಳ್ಳಿಯ ಹಜಾರದಲ್ಲಿ ಅತ್ತೆ ಬಂದರೆ ಎದ್ದು ನಿಲ್ಲುವವನು ಅಳಿಯ. ಮಂಡಿಗೆ ದಿನಾ ಫೋನು ಬರುತ್ತದೆ: ಉಂಡೆಯಾ, ಯಾಕೆ ಉಂಡಿಲ್ಲ, ಬಿಸಿಲಲ್ಲಿ ಯಾಕೆ ನಿಂತಿದ್ದೀಯ ಬಡ್ಡೆತ್ತದೆ. ಹಮಾಲಿಗಳು ನಗುತ್ತಾರೆ. ನಿಂಗರಾಜು ಮುಖ ಹುಳಿ ಮಾಡಿಕೊಂಡು "ಊಂ ಅತ್ತೆಮ್ಮ" ಎನ್ನುತ್ತಾನೆ. ಆ ಹುಳಿಯ ಅರ್ಥ ಆಕೆಗೆ ಫೋನಿನಲ್ಲೂ ಗೊತ್ತಾಗುತ್ತದೆ.

ನೀರು ಎದೆಮಟ್ಟವೇ ಇತ್ತು ಎಂದು ಅವನು ಇವತ್ತಿಗೂ ಒಂದೊಂದು ಸಲ ಹೇಳಿನೋಡುತ್ತಾನೆ, ಅದು ಹುಟ್ಟುಗುಣ. ಆದರೆ ಅವನಿಗೆ ಗೊತ್ತಿದೆ. ನಿಂಗರಾಜು ಪುಟ್ಟತಾಯಮ್ಮನಿಗೆ ಒಂದು ಜೀವ ಬಾಕಿ.