ಎಲ್ಲದಕ್ಕೂ ‘ಇಲ್ರಿ’

ಮಕ್ಕಳ ಮನಸ್ಸಿನಲ್ಲಿ ಅಂಜಿಕೆ, ದುಗುಡ ಏನಾದರೂ ಇದೆಯೇ ಎಂದು ಕೇಳಲು ಡಾಕ್ಟರು ಶಾಲೆಗೆ ಬರುತ್ತಾರೆಂಬ ಸುದ್ದಿ ಬಂದದ್ದೇ ತಡ, ಭಗವಂತರಾಯ ಮಾಸ್ತರರಿಗೆ ಚಿಂತೆ ಹತ್ತಿತು. ಗೋಗಿಯ ಆಚೆಗಿನ ಈ ಹಳ್ಳಿಯಿಂದ ಸುರಪುರಕ್ಕೆ ವರ್ಗವಾಗಬೇಕೆಂಬುದೊಂದೇ ಅವರ ಹಂಬಲ. ತಾಯಿಯಿಲ್ಲದ ಮಗಳು ಶೇಖಮ್ಮ ಮುಂದಿನ ಓದಿಗೆಂದು ಅಲ್ಲಿ ಹಾಸ್ಟೆಲ್ ಸೇರಿದ್ದಳು. ಹೆಡ್‌ಮಾಸ್ತರ್ ಜಗದೇವಪ್ಪನವರು ಮೇಲಿನವರಿಗೆ ಒಂದು ಒಳ್ಳೆಯ ಮಾತು ಹೇಳಿದರೆ ಸಾಕಿತ್ತು.

"ಒಂದು ಹುಡುಗ ಅಳ್ತೀನಿ ಅಂದ್ರೂ ಸಾಲಿ ಹೆಸರು ಕೆಡ್ತದ್ರಿ. ನಿಮ್ಮ ವರ್ಗಾನೂ ಮರೀರಿ," ಎಂದು ಜೊತೆಗೆ ಪಾಠ ಮಾಡುವ ಅಮೀನುದ್ದೀನ ಮಾಸ್ತರರು ಹೆದರಿಸಿದರು. "ಇನ್ಸ್‌ಪೆಕ್ಷನ್‌ಗೆ ಮಾಡಿಸ್ತೀವಲ್ಲ, ಹಂಗ ತಯಾರಿ ಮಾಡಿಸ್ರಿ."

ಬೆಳಿಗ್ಗೆಯೇ ಪಾಠ ಶುರುವಾಯಿತು.

"ಡಾಕ್ಟರ್ ಏನ ಕೇಳಿದ್ರೂ ‘ಇಲ್ರಿ’ ಅನಬೇಕು. ತಿಳೀತೇನು?"

"ಇಲ್ರಿ!" ಎಂದಿತು ಇಡೀ ತರಗತಿ.

ಡಾಕ್ಟರಮ್ಮ ಬಂದು ಮಕ್ಕಳ ನಡುವೆಯೇ ಕುಳಿತರು. "ಅಳು ಬರ್ತದೇನು?" "ಇಲ್ರಿ!" "ಅಂಜಿಕಿ?" "ಇಲ್ರಿ!" ಮಾಸ್ತರರ ಮುಖ ಊರಗಲವಾಯಿತು. ಡಾಕ್ಟರಮ್ಮನಿಗೆ ಅನುಮಾನ ಬಂತು.

"ಊಟ ಸೇರ್ತದೇನು?"

"ಇಲ್ರಿ!"

"ಆಟ?"

"ಇಲ್ರಿ!"

"ನಿಮ್ಮ ಮಾಸ್ತರ್ರು ಛಲೋ ಅದಾರೇನು?"

"ಇಲ್ರಿ!"

ಡಾಕ್ಟರಮ್ಮ ನಗಲಿಲ್ಲ. "ಮಾಸ್ತರ್ರೇ, ಹಿಂಗ ಬಾಯಿ ಕಟ್ಟಿದ್ರ, ಯಾವ ಕೂಸು ಒಳಗ ಅಳಾಕತ್ತದ ಅಂತ ನನಗ ಹ್ಯಾಂಗ ತಿಳೀಬೇಕ್ರಿ? ಮತ್ತ ಬರ್ತೀನಿ. ಒಬ್ಬೊಬ್ಬರನ್ನೇ ಕೇಳ್ತೀನಿ."

ಅವರ ಜೀಪು ಹೋದ ಮೇಲೆ ಜಗದೇವಪ್ಪನವರು ಒಂದೇ ಮಾತು ಆಡಿದರು: "ವರ್ಗದ ಸುದ್ದಿ ಇನ್ನ ಎತ್ತಬ್ಯಾಡ್ರಿ."

ಸಂಜೆ ಮಗಳಿಗೆ ಫೋನು ಮಾಡಲು ಮಾಸ್ತರರು ಕಾಲುವೆಯ ಏರಿ ಹತ್ತಿದರು. ಊರಿನಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಮಗಳಿರುವ ದಿಕ್ಕಿನಿಂದ ಬರುವ ನೀರೆಂದು ಅವರಿಗೆ ಆ ಕಾಲುವೆಯ ಮೇಲೂ ಅಕ್ಕರೆ.

"ನಿಮ್ಮ ಸಾಲಿಗೂ ಡಾಕ್ಟರ್ ಬಂದಿದ್ರೇನವ್ವಾ?"

"ನಿನ್ನಿ ಬಂದಿದ್ರಪ್ಪಾ. ಎಲ್ಲಾದಕ್ಕೂ ಇಲ್ಲ ಅಂದೆ."

ಮಾಸ್ತರರ ಜೀವ ತಂಪಾಯಿತು. ವರ್ಗ ಹೋದರೆ ಹೋಗಲಿ, ಮಗಳು ಸುಖವಾಗಿದ್ದಾಳಲ್ಲ.

"ನಮ್ಮ ಸರ್ ಹಂಗ ಅನ್ರಿ ಅಂತ ಹೇಳಿಕೊಟ್ಟಿದ್ರು," ಎಂದಳು ಶೇಖಮ್ಮ.

ಮಾಸ್ತರರು ಫೋನನ್ನು ಕಿವಿಗೆ ಒತ್ತಿ ಹಿಡಿದರು.

"ನನಗರ ಖರೇ ಹೇಳವ್ವಾ. ಅಪ್ಪನ ನೆನಪಾಗಿ ಅಳು ಬರ್ತದೇನು?"

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಕೇಳಿಸಿತು.

"ಇಲ್ಲಪ್ಪಾ. ನಿನಗ?"

ಮಾಸ್ತರರು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು.

"ಇಲ್ಲವ್ವಾ," ಎಂದರು.

ಇಬ್ಬರೂ ಫೋನು ಇಡಲಿಲ್ಲ.