ಅತ್ತೆಯವರು ಕ್ಯಾಮ್‌ಶಾಫ್ಟ್ ಬದಲಿಸಿದ್ದು

ಮದುವೆಯಾಗಿ ನಾನು ಮಳವಳ್ಳಿಗೆ ಬಂದ ಹೊಸತರಲ್ಲಿ ಬೀದಿಯ ಸೊಸೆಯರೆಲ್ಲ ಬಾವಿಕಟ್ಟೆಯ ಹತ್ತಿರ ಸೇರಿ ತಮ್ಮ ತಮ್ಮ ಅತ್ತೆಯರನ್ನು ಬಯ್ದುಕೊಳ್ಳುತ್ತಿದ್ದರು. ಒಬ್ಬಳ ಅತ್ತೆ ರಾಗಿ ಬೀಸಿಸುತ್ತಾಳೆ, ಇನ್ನೊಬ್ಬಳ ಅತ್ತೆ ಹಸಿ ಸೌದೆ ಕೊಟ್ಟು ಒಲೆ ಊದಿಸುತ್ತಾಳೆ. ನಾನು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ನಮ್ಮ ಅತ್ತೆ ನನ್ನ ಕೈಯಲ್ಲಿ ಕಾರು ಚಾಲೂ ಮಾಡುವ ಹ್ಯಾಂಡಲ್ ತಿರುಗಿಸುತ್ತಾರೆ ಎಂದರೆ ಯಾರಾದರೂ ನಂಬುತ್ತಾರೆಯೇ?

ಕಾರು ಎಂದೆನಲ್ಲ, ದೊಡ್ಡದೇನೋ ಅಂದುಕೊಳ್ಳಬೇಡಿ. ಶಿವನಸಮುದ್ರದಲ್ಲಿದ್ದ ಇಂಗ್ಲಿಷ್ ಎಂಜಿನಿಯರೊಬ್ಬ ಯುದ್ಧಕ್ಕೆ ಹೊರಡುವಾಗ ನಮ್ಮ ಮಾವನವರಿಗೆ ಮಾರಿಹೋದ ಪುಟಾಣಿ ಬಂಡಿ ಅದು. ಆಗಲೇ ಹಳೆಯದು. ಎತ್ತರದಲ್ಲಿ ಒಂದು ಎಮ್ಮೆಕರುವಿನಷ್ಟು. ಮಾವನವರು ದೊಡ್ಡ ಆಳು. ಅವರು ಒಳಗೆ ಕೂತರೆ ಕಾರನ್ನು ಅಂಗಿಯ ಹಾಗೆ ತೊಟ್ಟುಕೊಂಡಂತೆ ಕಾಣುತ್ತಿತ್ತು. ಓಡಿಸುವುದರಲ್ಲಿ ಅವರು ಪರಮ ಸಾಧು. ದಾರಿಗೆ ಕೋಳಿ ಅಡ್ಡ ಬಂದರೆ ಅದು ದಾಟಿ, ಮನಸ್ಸು ಬದಲಿಸಿ, ವಾಪಸು ಬರುವವರೆಗೂ ಕಾಯುತ್ತಿದ್ದರು.

ಅತ್ತೆಯವರದು ಬೇರೆ ಜಾತಿಯ ಜೀವ. ಮನೆಯ ಗಡಿಯಾರ, ಹೊಲಿಗೆ ಯಂತ್ರ, ತೋಟದ ಪಂಪು, ಯಾವುದನ್ನೂ ಅವರು ಬಿಚ್ಚದೆ ಬಿಟ್ಟಿರಲಿಲ್ಲ. ಕಾರು ಬಂದ ವಾರವೇ ಅದರ ಮುಚ್ಚಳ ಎತ್ತಿ ತಲೆ ಒಳಗಿಟ್ಟವರು ಊಟಕ್ಕೆ ಕೂಗಿದರೂ ಈಚೆಗೆ ಬರಲಿಲ್ಲವಂತೆ. ಓಡಿಸುವುದನ್ನು ಮಾವನವರ ಪಕ್ಕದಲ್ಲಿ ಕೂತೇ ಕಲಿತರು. ಹೇಗೆ ಓಡಿಸಬಾರದು ಎಂಬುದನ್ನೂ ಅಲ್ಲಿಯೇ ಕಲಿತೆ ಎನ್ನುತ್ತಿದ್ದರು.

ಪೆಟ್ರೋಲು ಕೂಪನ್ನಿಗೆ ಸಿಗುತ್ತಿದ್ದ ಕಾಲ. ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲೊಲೆ ಕಟ್ಟಿಕೊಂಡು, ಅದರ ಗ್ಯಾಸಿನಲ್ಲಿ ಕೆಮ್ಮುತ್ತಾ ಓಡುತ್ತಿದ್ದವು. ಏರು ಬಂದರೆ ಜನ ಇಳಿದು ತಳ್ಳಬೇಕು. ಅಂಥ ಬಸ್ಸೊಂದು ಒಂದು ದಿನ ಮದ್ದೂರು ದಾರಿಯ ಏರಿನಲ್ಲಿ ನಮ್ಮ ಕಾರನ್ನು ಹಿಂದೆ ಹಾಕಿತು. ಹಾಕಿದ್ದಷ್ಟೇ ಅಲ್ಲ, ಕಂಡಕ್ಟರು ಹೊರಗೆ ಬಗ್ಗಿ, "ಗೌಡ್ರೇ, ಅಗ್ಗ ಇದ್ರೆ ಎಸೀರಿ, ಕಟ್ಕೊಂಡು ಎಳ್ಕಂಡ್ ಓಯ್ತೀವಿ" ಅಂದ.

ಮಾವನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ನಗಲಿಲ್ಲ. ಮನೆಗೆ ಬಂದು ಕಾಲು ತೊಳೆದ ಮೇಲೆ ಒಂದೇ ಮಾತು: "ಅದುಕ್ಕೆ ಉಸ್ರು ಸಾಲ್ದು ಕಣ್ರೀ."

ಎಂಜಿನಿಯರು ಕಾರಿನ ಜೊತೆ ಕೊಟ್ಟುಹೋದ ಮರದ ಪೆಟ್ಟಿಗೆಯೊಂದು ಅಟ್ಟದ ಮೇಲಿತ್ತು. ಅದರಲ್ಲಿ ಎಣ್ಣೆ ಕಾಗದ ಸುತ್ತಿದ ಒಂದು ಕಬ್ಬಿಣದ ಸಲಾಕೆ. ಅತ್ತೆ ಅದನ್ನು ಸೀರೆಯ ತುಂಡಿನಲ್ಲಿ ಸುತ್ತಿ, ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಮಂಡ್ಯಕ್ಕೆ ಹೊರಟರು. ಜೊತೆಗೆ ನಾನು. ಮಂಡ್ಯದ ಸ್ಟೇಷನ್ನಿನ ಹಿಂದೆ ರಿಪೇರಿ ಶೆಡ್ಡು ಇಟ್ಟಿದ್ದ ಸಾಬರು ಕಾಗದ ಬಿಚ್ಚಿ, ಸಲಾಕೆಯನ್ನು ಬೆಳಕಿಗೆ ಹಿಡಿದು ಅದರ ಉಬ್ಬುಗಳ ಮೇಲೆ ಹೆಬ್ಬೆರಳು ಸವರಿದರು.

"ಅವ್ವಾ, ಇದು ಕ್ಯಾಮ್‌ಶಾಫ್ಟು. ನಿಮ್ ಕಾರ್ನಲ್ಲಿ ಇರೋದು ಇಂಥದ್ದೇಯ. ಈ ಉಬ್ಬುಗಳು ಅವಲ್ಲ, ಇವು ತಿರುಗ್ತಾ ಎಂಜಿನ್ನಿನ ಬಾಯಿ ತೆಗ್ಸೋದು, ಮುಚ್ಸೋದು. ಇದರ ಉಬ್ಬು ದಪ್ಪ. ಬಾಯಿ ಜಾಸ್ತಿ ತೆಗ್ಸ್ತದೆ. ಇದು ಕಂಪ್ನಿ ಮಾಲಲ್ಲ. ರೇಸ್ನೋರು ಬ್ಯಾರೆ ಕಡೆ ಮಾಡ್ಸಿ ಆಕ್ಕೊಳ್ಳೋದು."

"ಆಕುದ್ರೆ ಏನಾಯ್ತದೆ?"

"ಓಡ್ತದೆ. ಆದ್ರೆ ಮೆಲ್ಲುಕ್ ಓಗು ಅಂದ್ರೆ ಮಾತ್ರ ಕೇಳಾಕಿಲ್ಲ."

ಅತ್ತೆಯ ಮುಖ ಆಗ ಅರಳಿದ್ದನ್ನು ನೀವು ನೋಡಬೇಕಿತ್ತು. ಮೊಮ್ಮಗ ಹುಟ್ಟಿದಾಗಲೂ ಅಷ್ಟು ಅರಳಲಿಲ್ಲ.

ಭಾನುವಾರ ಸಾಬರು ಬಸ್ಸಿನಲ್ಲಿ ಬಂದಿಳಿದರು. "ನೀವು ಬಾಯಲ್ ಏಳಿ ಸಾಬ್ರೆ, ಕೈ ನಂದು" ಎಂದು ಅತ್ತೆ ಅವರನ್ನು ಜಗಲಿಯ ಮೇಲೆ ಕೂರಿಸಿ ಎಲೆ ಅಡಿಕೆ ಕೊಟ್ಟರು. ಬಳೆಗಳನ್ನು ಮೊಳಕೈವರೆಗೆ ತಳ್ಳಿ, ಸೆರಗು ಬಿಗಿದು, ಕಾರಿನ ಮೂತಿ ಬಿಚ್ಚಲು ಶುರುಮಾಡಿದರು. ನೀರಿನ ಡಬ್ಬ ಬಂತು, ಫ್ಯಾನು ಬಂತು, ಹಲ್ಲುಚಕ್ರ ಬಂತು. ಅಡಿಗೆಮನೆಯ ಬೋಗುಣಿಗಳೆಲ್ಲ ನಟ್ಟು ಬೋಲ್ಟುಗಳಿಂದ ತುಂಬಿಹೋದವು. ಅಂದು ಸಾರು ಮಾಡಲು ನನಗೆ ಪಾತ್ರೆಯೇ ಇಲ್ಲ.

ಮಾವನವರು ಇಣುಕಿ ನೋಡಿ, "ಅಲ್ಲ ಕಣೇ, ಇದೆಲ್ಲಾನೂ ವಾಪಸ್ ಒಳಿಕ್ ಓಯ್ತದಾ?" ಅಂದರು.

"ಒಳಿಕ್ ಓಗ್ದೆ ಇದ್ದುದ್ನ ನಿಮ್ ತಲೆಗ್ ಆಕ್ತೀನಿ, ಅಲ್ ಜಾಗ ಅದೆ."

ಹಳೆಯ ಸಲಾಕೆ ಎಳೆದು ಹೊಸದನ್ನು ತೂರಿಸುವಾಗ ಅದರ ಮೇಲಿನ ಸಣ್ಣ ಗೂಟಗಳು ಕೆಳಗೆ ಜಾರಿ ಅಡ್ಡ ಬರುತ್ತಿದ್ದವು. ಸಾಬರು ಹಿಡಿದು ನೋಡಿದರು, ಅವರ ಬೆರಳು ದಪ್ಪ. ಅತ್ತೆ ತಿರುಗಿ ನನ್ನ ತುರುಬನ್ನು ನೋಡಿದರು. ನನ್ನ ಪಿನ್ನುಗಳೆಲ್ಲ ಎಂಜಿನ್ನಿನೊಳಗೆ ಹೋಗಿ ಆ ಗೂಟಗಳನ್ನು ಎತ್ತಿ ಹಿಡಿದವು. ನಾನು ತಲೆಗೂದಲು ಕೆದರಿಕೊಂಡು ನಿಂತಿದ್ದೆ. ಹೊಸ ಸಲಾಕೆ ಎಣ್ಣೆಯಲ್ಲಿ ಮಿರುಗುತ್ತಾ ಸರಾಗವಾಗಿ ಒಳಗೆ ಹೋಯಿತು. ದೇವರ ಮನೆಯಲ್ಲೂ ಬಾರದ ಭಯಭಕ್ತಿ ನನಗೆ ಅಂದು ಆ ಅಂಗಳದಲ್ಲಿ ಬಂತು.

ಎಲ್ಲ ಜೋಡಿಸಿ ನಾನು ಹ್ಯಾಂಡಲ್ ತಿರುಗಿಸಿದೆ. ಢಮ್ ಎಂದು ಬೀದಿಯೇ ನಡುಗಿತು. ಸ್ನಾನಕ್ಕೆ ಕೂತಿದ್ದ ಮಾವನವರು ಮೈತುಂಬ ಸೋಪಿನ ನೊರೆಯೊಂದಿಗೆ ಓಡಿಬಂದು, "ಜಪಾನಿನೋರು ಬಂದ್ಬುಟ್ರಾ?" ಅಂದರು.

ಸಾಬರು ಬಗ್ಗಿ ನೋಡಿದರು. "ಹಲ್ಲುಚಕ್ರ ಒಂದು ಹಲ್ಲು ತಪ್ಪಿ ಕೂತದೆ ಅವ್ವಾ."

"ನಾನೇ ಗುರ್ತು ಸರ್ಯಾಗಿ ನೋಡ್ನಿಲ್ಲ" ಎಂದು ಅತ್ತೆ, ಮುಖದಲ್ಲಿ ಒಂದು ಗೆರೆಯೂ ಮೂಡದೆ, ಮತ್ತೆ ಮೊದಲಿಂದ ಬಿಚ್ಚಲು ಕೂತರು. ಸಾರಿಗೆ ಉಪ್ಪು ಹೆಚ್ಚಾದರೆ ಆ ದಿನವೆಲ್ಲ ಅಳುತ್ತಿದ್ದ ನಾನು ಬೆರಗಾಗಿ ನೋಡಿದೆ.

ಸಂಜೆಗೆ ಎಂಜಿನ್ನು ಹಿಡಿಯಿತು. ಮೊದಲಿನ ಗುರುಗುರು ಇಲ್ಲ. ಕಟ್ಟಿಹಾಕಿದ ಹೋರಿಯ ಹಾಗೆ ಅದುರುತ್ತಾ ನಿಂತಿತು. ಮಾವನವರು ತಮ್ಮ ಎಂದಿನ ನಿಧಾನದಲ್ಲಿ ಹೊರಟರೆ ನಾಲ್ಕು ಮಾರು ದೂರಕ್ಕೆ ಕೆಮ್ಮಿ ನಿಂತುಬಿಡುವುದು. ಮತ್ತೆ ನಾನು ಹ್ಯಾಂಡಲ್ ತಿರುಗಿಸುವುದು. "ಇದ್ಕೂ ನಿನ್ ಬುದ್ಧಿನೇ ಬಂತಲ್ಲೇ" ಎಂದು ಅವರು ಇಳಿದು ಪಕ್ಕದ ಸೀಟಿಗೆ ಹೋದರು. ಅಂದಿನಿಂದ ಸ್ಟೀರಿಂಗು ಅತ್ತೆಯದೇ.

ಅದೇ ಏರಿನಲ್ಲಿ ಅದೇ ಬಸ್ಸನ್ನು ನಾವು ದಾಟಿದ್ದನ್ನು ಹೇಗೆ ಹೇಳಲಿ? ಏರು ಹತ್ತುತ್ತಾ ಹತ್ತುತ್ತಾ ಎಂಜಿನ್ನಿನ ದನಿ ಮೇಲೆ ಹೋಯಿತು, ಮರಗಳು ಹಿಂದಕ್ಕೆ ಹಾರಿದವು, ಹಿಂದಿನ ಸೀಟಿನಲ್ಲಿದ್ದ ನಾನು ಹಾರುವ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು ಎರಡೂ ಕೈಯಲ್ಲಿ ಸೀಟು ಹಿಡಿದಿದ್ದೆ. ಕಂಡಕ್ಟರು ಸೆಲ್ಯೂಟು ಹೊಡೆದ. ಮಾವನವರು ಅಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡೇ ಇದ್ದವರು ಕೊನೆಗೆ ಮೆಲ್ಲಗೆ ಕೇಳಿದರು, "ಮದ್ದೂರು ಬಂತಾ?"

"ಬಂತೂ, ಓಯ್ತೂ" ಅಂದರು ಅತ್ತೆ.

ಯುದ್ಧ ಮುಗಿದ ಮೇಲೆ ಮಾವನವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು, ಮಾತು ತೊದಲಿತು. ತಿಂಗಳುಗಟ್ಟಲೆ ಮಲಗಿದ್ದವರು ಪೂರಿಗಾಲಿ ಕಡೆಯ ತಮ್ಮ ಕಬ್ಬಿನ ಗದ್ದೆ ನೋಡಬೇಕೆಂದು ಹಂಬಲಿಸಿದರು. ಮೈ ಕುಲುಕಬಾರದು ಎಂದಿದ್ದರು ಡಾಕ್ಟರು. ಎತ್ತಿನ ಗಾಡಿ ಆಗದು. ಕಾರಿಗೋ, ಮೆಲ್ಲಗೆ ಹೋಗುವುದೇ ಗೊತ್ತಿಲ್ಲ.

ಒಂದು ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ಹೋದರೆ ಅತ್ತೆ ಒಬ್ಬರೇ ಕಾರಿನ ಮುಂದೆ ಕೂತಿದ್ದರು. ಅದರ ಮೂತಿ ಬಿಚ್ಚಿತ್ತು. ದಪ್ಪ ಉಬ್ಬಿನ ಆ ಸಲಾಕೆ ಗೋಣಿಚೀಲದ ಮೇಲೆ ಮಲಗಿತ್ತು, ಕಾರಿನ ಹಳೆಯ ಸಲಾಕೆ ಅವರ ಕೈಯಲ್ಲಿತ್ತು.

"ಯಾಕತ್ತೆ?"

"ಇನ್ಮ್ಯಾಕೆ ಮೆಲ್ಲುಕ್ಕೇ ಅಲ್ವೇನವ್ವ ಓಗ್ಬೇಕು" ಅಂದರು, ತಲೆ ಎತ್ತದೆ.

ಆ ವಾರವೇ ಗದ್ದೆಗೆ ಹೊರಟೆವು. ಮಾವನವರು ಮುಂದೆ, ದಿಂಬುಗಳ ನಡುವೆ. ನಾನು ಹಿಂದೆ. ಕಾರು ನಡೆಯುವವರ ಜೊತೆ ಮಾತಾಡಿಕೊಂಡು ಹೋಗುವಷ್ಟು ನಿಧಾನ. ಅತ್ತೆ ಒಂದೊಂದು ಹಳ್ಳವನ್ನೂ ಬಳಸಿ, ಕಲ್ಲುಗಳನ್ನು ತಪ್ಪಿಸಿ, ತುಂಬಿದ ಕೊಡ ಹೊತ್ತವರಂತೆ ಓಡಿಸಿದರು. ಕಬ್ಬು ಕಾಣಿಸಿತು. ಮಾವನವರು ಎಡಗೈ ಎತ್ತಿ ಅತ್ತೆಯ ತೋಳು ತಟ್ಟಿದರು.

"ಜೋ... ಜೋರಾಗಿ ಓಡ್ಸೇ."

ಅತ್ತೆ ವೇಗ ಹೆಚ್ಚಿಸಲಿಲ್ಲ. ಕಾಲು ಇದ್ದಲ್ಲೇ ಇತ್ತು. ದಾರಿ ನೋಡುತ್ತಲೇ, ಊರಿನ ಗಂಡಸರನ್ನೆಲ್ಲ ನಡುಗಿಸಿದ ಆ ಹೆಂಗಸು ತುಟಿ ಮುಂದೆ ಚಾಚಿ, ಕಾರಿನ ಆಟ ಆಡುವ ಮಗುವಿನ ಹಾಗೆ, "ಡುರ್ರ್ರ್ರ್" ಎಂದು ಸದ್ದು ಮಾಡತೊಡಗಿದರು. ಏರು ಹತ್ತುವಂತೆ ದನಿ ಮೇಲೇರಿಸಿದರು. ಮಾವನವರು ಸೊಟ್ಟ ಬಾಯಲ್ಲೇ ನಗುತ್ತಾ ಕಣ್ಣು ಮುಚ್ಚಿಕೊಂಡರು.